ಐದು ವೈರಸ್, ಒಂದು ಅಲೋ

ದಾವಣಗೆರೆಯ ಯಾವ ಜೆರಾಕ್ಸ್ ಅಂಗಡಿಯಲ್ಲಾದರೂ ಹತ್ತು ನಿಮಿಷ ನಿಲ್ಲಿ. ಕಂಪ್ಯೂಟರಿನ ಬಲಗಡೆ ಕೆಳಮೂಲೆಯಿಂದ ಒಂದು ಡಬ್ಬಿ ಸರ್ರನೆ ಮೇಲೇಳುತ್ತದೆ: 'ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಸಿಕ್ಕಿವೆ!' ಯಾವಾಗ ನೋಡಿದರೂ ಐದೇ. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ, ಪಂಚಪಾಂಡವರ ಹಾಗೆ. ಅಂಗಡಿಯವರು ಮಂಡಕ್ಕಿ ಮೇಲಿನ ನೊಣ ಓಡಿಸಿದಂತೆ ಅದನ್ನು ಮೌಸಿನಿಂದ ಓಡಿಸಿ, 'ಮುಂದಿನ ವಾರ ಆಂಟಿವೈರಸ್ ಹಾಕಿಸ್ಬೇಕ್ರಿ' ಎನ್ನುತ್ತಾರೆ.

ಓಡಿಸುವ ಮೊದಲು ಆ ಡಬ್ಬಿಯನ್ನು ಒಂದು ಸಲ ಹತ್ತಿರದಿಂದ ನೋಡಬೇಕು. ಮೇಲೆ ಕೆಂಪು ಗುರಾಣಿ, ನಡುವೆ ದಪ್ಪಕ್ಷರದ ಬೆದರಿಕೆ. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ಗೂಗಲ್ ಕ್ರೋಮ್' ಅಂತಲೂ, ಪಕ್ಕದಲ್ಲಿ ಬಾಯಿಗೆ ಬಾರದ ಯಾವುದೋ ವೆಬ್‌ಸೈಟಿನ ಹೆಸರೂ ಇರುತ್ತದೆ. ಗುಟ್ಟು ಅಲ್ಲಿದೆ. ಇದು ವೈರಸ್ಸೂ ಅಲ್ಲ, ಆಂಟಿವೈರಸ್ಸೂ ಅಲ್ಲ, ಬರೀ ನೋಟಿಫಿಕೇಶನ್. ಹಿಂದೊಮ್ಮೆ ಯಾರೋ ಹಳೇ ಪ್ರಶ್ನೆಪತ್ರಿಕೆಯ ಪಿಡಿಎಫ್ ಹುಡುಕಿಕೊಂಡು ಹೋಗಿದ್ದಾರೆ. 'ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ (Allow, ಅಂದರೆ ಅನುಮತಿ) ಒತ್ತಿ' ಎಂದು ಆ ಪುಟ ಕೇಳಿದೆ. ನಾವೂ ಮನುಷ್ಯರೇ ಎಂದು ಸಾಬೀತು ಮಾಡುವ ಅವಕಾಶ ದಿನಾ ಸಿಗುತ್ತದೆಯೇ? ಒತ್ತಿಬಿಟ್ಟಿದ್ದಾರೆ. ಆ ಅಲೋಗೂ ರೋಬೋಟಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಟ್ಯಾಬ್ ಮುಚ್ಚಿದ ಮೇಲೂ ಸಂದೇಶ ಕಳಿಸಲು ಆ ಸೈಟಿಗೆ ಸಿಕ್ಕ ಪರವಾನಗಿ ಅದು.

ಇದಕ್ಕೆ ಊರವರು ಮಾಡುವ ಔಷಧಿ ಅಂದರೆ ರಾತ್ರಿಯಿಡೀ ಫುಲ್ ಸ್ಕ್ಯಾನ್. ಬೆಳಿಗ್ಗೆ ಬಂದು ನೋಡಿದರೆ 'ಅಪಾಯ 0'. ಆ ಸೊನ್ನೆಯನ್ನು ಮುಚ್ಚಿಕೊಂಡೇ ಮತ್ತೆ ಡಬ್ಬಿ ಏಳುತ್ತದೆ: 5 ವೈರಸ್! ಸ್ಕ್ಯಾನ್ ಹುಡುಕುವುದು ಕೆಟ್ಟ ಫೈಲನ್ನು. ಇಲ್ಲಿ ಫೈಲೇ ಇಲ್ಲ, ನಾವು ಕೊಟ್ಟ ಒಪ್ಪಿಗೆ ಮಾತ್ರ ಇದೆ. ಕ್ರೋಮಿನ ಬಲಮೇಲ್ತುದಿಯ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯೂರಿಟಿ, ಸೈಟ್ ಸೆಟ್ಟಿಂಗ್ಸ್, ಅಲ್ಲಿಂದ ನೋಟಿಫಿಕೇಶನ್ಸ್. ಒಪ್ಪಿಗೆ ಪಡೆದವರ ಪಟ್ಟಿಯಲ್ಲಿ ಗುರುತಿಲ್ಲದ ಹೆಸರಿನ ಪಕ್ಕದ ಚುಕ್ಕಿಗಳನ್ನು ಒತ್ತಿ 'ಬ್ಲಾಕ್' ಮಾಡಿ. 'ರಿಮೂವ್' ಮಾಡಿದರೆ ಮುಂದಿನ ಸಲ ಅದು ಮತ್ತೆ ಕೇಳಬಹುದು, ನಮ್ಮ ಬೆರಳು ಮತ್ತೆ ದಾಕ್ಷಿಣ್ಯಕ್ಕೆ ಬೀಳಬಹುದು. ಅದೇ ಪುಟದ ಮೇಲ್ಗಡೆ ಯಾವ ಸೈಟೂ ಕೇಳಲೇಬಾರದು ಎನ್ನುವ ಆಯ್ಕೆಯಿದೆ. ಅಂಗಡಿ ಕಂಪ್ಯೂಟರಿಗೆ ಅದೇ ಸರಿ. ಒಟ್ಟು ಒಂದು ನಿಮಿಷದ ಕೆಲಸ.

ಆದರೆ ಬಿಟ್ಟಿ ಮದ್ದಿನ ಮೇಲೆ ನಮ್ಮವರಿಗೆ ನಂಬಿಕೆ ಕಮ್ಮಿ. ವಿಂಡೋಸ್ 8 ಬಂದ 2012ರಿಂದಲೇ ಡಿಫೆಂಡರ್ ಅನ್ನುವ ಆಂಟಿವೈರಸ್ ಕಂಪ್ಯೂಟರಿನೊಳಗೇ ಕೂತಿದೆ. ಮನೆ ಬಳಕೆಗೆ ಅದು ಧಾರಾಳ ಸಾಕು ಎಂಬುದು ನನ್ನ ಅಭಿಪ್ರಾಯ. ಅಂಗಡಿಯವರು ಒಂದು ಹಾಕಿಸುತ್ತಾರೆ, ಊರಿಂದ ಬಂದ ಅಳಿಯ ಇನ್ನೊಂದು ಹಾಕುತ್ತಾನೆ. ಒಂದು ಬಂದರೆ ಡಿಫೆಂಡರ್ ಮರ್ಯಾದೆಯಿಂದ ಪಕ್ಕಕ್ಕೆ ಸರಿಯುತ್ತದೆ. ಹೊರಗಿನವು ಎರಡು ಬಂದರೆ ಯಾವುದೂ ಸರಿಯುವುದಿಲ್ಲ. ಒಂದು ಫೈಲ್ ತೆರೆದರೆ ಎರಡೂ ತಡೆದು ನಿಲ್ಲಿಸಿ ತಪಾಸಣೆ ಮಾಡುತ್ತವೆ. 4 ಜಿಬಿ ರ್‍ಯಾಮಿನ ಹಳೇ ಕಂಪ್ಯೂಟರಿಗೆ ಇದೆಂಥ ಗತಿ ಎಂದು ಅಶೋಕ ಟಾಕೀಸ್ ರೈಲ್ವೆ ಗೇಟಿನಲ್ಲಿ ಕಾದು ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸಿನ ಬೀಗ ಮುರಿದ ಆಂಟಿವೈರಸ್. ಅದರ ಜೊತೆ ಬರುವ ಸೂಚನೆಯ ಮೊದಲ ಸಾಲೇ 'ಆಂಟಿವೈರಸ್ ಆಫ್ ಮಾಡಿ' ಅಂತ. ಕಾವಲುಗಾರನನ್ನು ಮಲಗಿಸಿ ಕಾವಲುಗಾರನನ್ನು ತರುವ ಈ ವ್ಯವಹಾರದ ಬಗ್ಗೆ ಹೆಚ್ಚು ಹೇಳಲಾರೆ.

ಬ್ರೌಸರ್ ವಿಷಯಕ್ಕೆ ಬಂದರೆ ಊರಲ್ಲಿ ಎರಡು ಪಕ್ಷ: ಕ್ರೋಮ್ ಪಕ್ಷ ಮತ್ತು 'ಎಡ್ಜ್ ಇರೋದು ಕ್ರೋಮ್ ಇಳಿಸ್ಕೊಳ್ಳಾಕೆ' ಎನ್ನುವ ಪಕ್ಷ. ಎರಡೂ ಒಂದೇ ಪಕ್ಷ ಎಂಬುದು ಅವರಿಗೆ ಹೊಳೆದಿಲ್ಲ. ಎಡ್ಜ್ 2020ರಿಂದ ಕ್ರೋಮಿಗೂ ತಳಪಾಯವಾದ ಕ್ರೋಮಿಯಂ ಮೇಲೇ ನಿಂತಿದೆ. ಬ್ರೇವ್, ಒಪೆರಾ ಕೂಡ ಹಾಗೇ. ಹಿಟ್ಟು ಒಂದೇ, ಹಂಚು ಬೇರೆ. ಬೇರೆ ಹಿಟ್ಟು ಬೇಕೆಂದರೆ ಫೈರ್‌ಫಾಕ್ಸ್.

ಜಾಹೀರಾತು ತಡೆಯುವವರಿಗೆ ಈ ವ್ಯತ್ಯಾಸವೇ ಮುಖ್ಯ. ಕ್ರೋಮ್ ತನಗೆ ಜೋಡಿಸುವ ಪುಟ್ಟ ಸಲಕರಣೆಗಳ, ಅಂದರೆ ಎಕ್ಸ್‌ಟೆನ್ಶನ್‌ಗಳ ನಿಯಮ ಬದಲಿಸಿ 2025ರಲ್ಲಿ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್‌ಗೆ ಬಾಗಿಲು ಮುಚ್ಚಿತು. ಈಗ ಅಲ್ಲಿ ಸಿಗುವುದು ಅದೇ ಕೈಯಿಂದ ಬಂದ 'ಲೈಟ್' ಆವೃತ್ತಿ. ಕೆಲಸ ಮಾಡುತ್ತದೆ, ಆದರೆ ತಡೆಪಟ್ಟಿ ಹೊಸದಾಗಬೇಕಾದರೆ ಎಕ್ಸ್‌ಟೆನ್ಶನ್ನೇ ಹೊಸದಾಗಬೇಕು. ಫೈರ್‌ಫಾಕ್ಸಿನಲ್ಲಿ ಪೂರ್ತಿಯದು ಇನ್ನೂ ನಡೆಯುತ್ತದೆ, ಆಂಡ್ರಾಯ್ಡ್ ಮೊಬೈಲಿನಲ್ಲೂ. ಹಾಕುವಾಗ 'ಒರಿಜಿನ್' ಎಂಬ ಪದ ಇದೆಯಾ ನೋಡಿ. ಬರೀ 'ಯುಬ್ಲಾಕ್' ಎಂಬುದು ಬೇರೆಯವರ ಮಾಲು. ಬೆಂಗಳೂರಿನ ಗಲ್ಲಿಗೊಂದು 'ದಾವಣಗೆರೆ ಬೆಣ್ಣೆ ದೋಸೆ' ಬೋರ್ಡ್ ನೋಡಿ ಹೊಟ್ಟೆ ಉರಿದುಕೊಂಡವರಿಗೆ ಇದು ಬೇಗ ಅರ್ಥವಾಗುತ್ತದೆ.

ತಡೆ ಹೆಚ್ಚಾದರೂ ಕಷ್ಟವೇ. ಅರ್ಜಿ ತುಂಬಿ ಹಣ ಕಟ್ಟಿ 'ಪ್ರಿಂಟ್' ಒತ್ತಿದರೆ ರಶೀದಿ ಬರುವುದಿಲ್ಲ, ಯಾಕೆಂದರೆ ಆ ರಶೀದಿ ಪಾಪ್‌ಅಪ್ ಆಗಿ ಬರುವಂಥದ್ದು. ಕಂಗಾಲಾಗಿ ಎರಡನೇ ಸಲ ಹಣ ಕಟ್ಟುವವರಿದ್ದಾರೆ. ಅಡ್ರೆಸ್ ಬಾರಿನ ಬಲತುದಿಯಲ್ಲಿ ಪಾಪ್‌ಅಪ್ ತಡೆದ ಸಣ್ಣ ಗುರುತು ಇರುತ್ತದೆ. ಅದನ್ನು ಒತ್ತಿ ಆ ಸೈಟಿಗಷ್ಟೇ ಅನುಮತಿ ಕೊಡಿ. ಆಗಲೂ ಬಾರದಿದ್ದರೆ ಯುಬ್ಲಾಕ್ ಒರಿಜಿನ್‌ನ ದೊಡ್ಡ ಪವರ್ ಬಟನ್ ಒತ್ತಿ ಆ ಸೈಟಿಗೆ ಮಾತ್ರ ಆಫ್ ಮಾಡಬಹುದು. ಆದರೆ ಪುಟ ರಿಫ್ರೆಶ್ ಮಾಡುವ ಮುಂಚೆ ಹಣ ಕಟ್ಟಿದ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯಾ ನೋಡಿಕೊಳ್ಳಿ.

ಮೊಬೈಲಿನಲ್ಲಿ ಆಂಡ್ರಾಯ್ಡ್ 9ರಿಂದೀಚೆಗೆ ಸೆಟ್ಟಿಂಗ್ಸಿನಲ್ಲಿ 'ಪ್ರೈವೇಟ್ ಡಿಎನ್‌ಎಸ್' ಇದೆ. ಡಿಎನ್‌ಎಸ್ ಅಂದರೆ ಸೈಟಿನ ಹೆಸರು ಹೇಳಿದರೆ ಅದರ ಜಾಗ ತೋರಿಸುವ ಡೈರೆಕ್ಟರಿ. ಜಾಹೀರಾತು ತಡೆಯುವ ಡಿಎನ್‌ಎಸ್ ವಿಳಾಸ ಅಲ್ಲಿ ಬರೆದರೆ ಆ್ಯಪಿನೊಳಗಿನ ಜಾಹೀರಾತೂ ಬಹಳಷ್ಟು ನಿಲ್ಲುತ್ತವೆ. ಯೂಟ್ಯೂಬಿನದು ನಿಲ್ಲುವುದಿಲ್ಲ. ಅಲ್ಲಿ ವಿಡಿಯೊ, ಜಾಹೀರಾತು ಎರಡೂ ಒಂದೇ ಮನೆಯಿಂದ ಬರುವುದರಿಂದ ಹೆಸರು ನೋಡಿ ಬೇರ್ಪಡಿಸಲಾಗದು.

ಇಷ್ಟೆಲ್ಲ ಮಾಡಿ, ರಾಶಿ ಅಡಿಕೆ ರೇಟು ನೋಡುವ ಹಿರಿಯರ ಕೈಗೆ ಮೊಬೈಲ್ ಕೊಡಿ. ಮೊದಲು ಆ ರೇಟು ಸಾಲದ ಜಾಹೀರಾತಿಗೂ ಮೊಣಕಾಲು ನೋವಿನ ಎಣ್ಣೆಗೂ ನಡುವೆ ಸಿಕ್ಕಿಕೊಂಡಿರುತ್ತಿತ್ತು. ಈಗ ಬಿಳಿ ಪುಟದ ಮೇಲೆ ನಾಲ್ಕೇ ಸಾಲು. ಅವರು ಕನ್ನಡಕ ಸರಿಮಾಡಿಕೊಂಡು, ಮೇಲೆ ಕೆಳಗೆ ಉಜ್ಜಿ ನೋಡಿ, ಮೊಬೈಲ್ ವಾಪಸ್ ಚಾಚುತ್ತಾರೆ: 'ಪೂರ್ತಿ ಬಂದಿಲ್ಲ ನೋಡಪ, ಇನ್ನೊಂದ್ಸಲ ತೆಗಿ.'