ಹೂವಿನ ಲೋಡು ಹೊಡೆದ ಗಾಡಿ

ಹಳೇ ಕಾರು ಮಾರುವ ಬ್ರೋಕರ್‌ಗಳ ಬಾಯಲ್ಲಿ ಒಂದು ಮಾತು ಸದಾ ಇರುತ್ತದೆ. 'ಡಾಕ್ಟ್ರು ಓಡಿಸಿದ ಗಾಡಿ ಸಾರ್.' ಪಿಕಪ್ ಮಾರುವವನಿಗೆ ಆ ಅನುಕೂಲ ಇಲ್ಲ. ಡಾಕ್ಟ್ರು ಪಿಕಪ್ ಯಾಕೆ ಓಡಿಸುತ್ತಾರೆ? ಹಾಗಾಗಿ ನಮಗೆ ಹಳೇ ಪಿಕಪ್ ಮಾರಿದ ಬ್ರೋಕರ್ ಹೂವಿನ ಮೊರೆ ಹೋದ. 'ಬರೀ ಹೂವಿನ ಲೋಡು ಹೊಡೆದ ಗಾಡಿ. ಮಲ್ಲಿಗೆ, ಸೇವಂತಿಗೆ. ಅದಕ್ಕೇನು ಭಾರ ಹೇಳಿ?' ಪಕ್ಕದಲ್ಲಿದ್ದ ಭಾವ ಹೌದೌದು ಅಂತ ತಲೆ ಆಡಿಸಿದರು. ಅವರಿಗೆ ಊಟಕ್ಕೆ ಹೊತ್ತಾಗಿತ್ತು.

ಬಯಲುಸೀಮೆಯ ಹೈವೇಯಲ್ಲಿ ಗಾಡಿ ಒಂದು ಮಾತೂ ಆಡಲಿಲ್ಲ. ಸಾಗರ ದಾಟಿ ನಮ್ಮ ಮನೆಯ ಮಣ್ಣು ರಸ್ತೆಗೆ ಇಳಿದಿದ್ದೇ ತಡ, ಮುಂದಿನ ಚಕ್ರಗಳ ಹತ್ತಿರ ಮಾತು ಶುರುವಾಯಿತು. ಅಡಿಕೆ ತೋಟದ ಕೆಳಗಿನ ಮನೆಯವರೂ ಎದ್ದು ಬಂದು ನೋಡಿದರು.

ನಮ್ಮ ಕಡೆ ಯಾರಿಗಾದರೂ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗು ಅನ್ನುತ್ತಾರೆ. ಗಾಡಿಗೆ ಏನಾದರೂ ಆದರೆ ಮಾತ್ರ ಎಲ್ಲರೂ ತಾವೇ ಡಾಕ್ಟರು. ಅಪ್ಪಯ್ಯನ ಕಿವಿಗೆ ಅದು 'ಲೊಟಲೊಟ'. ಪಕ್ಕದ ಮನೆಯವರಿಗೆ 'ಕಟ್ ಕಟ್'. ಡೈರಿಗೆ ಹಾಲು ಹಾಕಲು ಹೊರಟಿದ್ದ ಹುಡುಗ 'ಎರಡೂ ಅಲ್ಲ, ಕುಯ್ ಕುಯ್' ಅಂದ. ಕೊನೆಗೆ ಗ್ಯಾರೇಜಿನ ಮೇಸ್ತ್ರಿಗೆ ಫೋನ್ ಮಾಡಿದೆ.

'ಹೆಗಡೇರೇ, ಸೌಂಡ್ ಮಾಡಿ ತೋರಿಸಿ' ಅಂದರು.

ನಾನು ಆಗ ಸೊಸೈಟಿಯ ಮೆಟ್ಟಿಲ ಮೇಲಿದ್ದೆ. ಜನ ಸಕ್ಕರೆಗೆ ಕ್ಯೂ ನಿಂತಿದ್ದರು. ಅವರೆಲ್ಲರ ಎದುರಿಗೆ ಕಟ್ ಕಟ್, ಲೊಟಲೊಟ, ಕುಯ್ ಎಲ್ಲ ಮಾಡಿದೆ. ಒಂದು ಮಗು ಅಮ್ಮನ ಹಿಂದೆ ಅಡಗಿಕೊಂಡಿತು.

ಮೇಸ್ತ್ರಿ ಎಲ್ಲ ಕೇಳಿಸಿಕೊಂಡು ಹೇಳಿದರು. 'ಸಣ್ಣ ಗುಂಡಿಗೆ ಲೊಟಲೊಟ ಅಂದ್ರೆ ಲಿಂಕ್ ರಾಡ್. ಸ್ಟೇರಿಂಗ್ ತಿರುಗಿಸಿದಾಗ ಕಟ್ ಅಂದ್ರೆ ಬಾಲ್ ಜಾಯಿಂಟ್. ಕುಯ್ ಅಂದ್ರೆ ರಬ್ಬರ್ ಬೂಷು. ಸ್ಪೀಡ್ ಏರಿದ ಹಾಗೆ ಗುಂಯ್ ಜಾಸ್ತಿ ಆದ್ರೆ ವೀಲ್ ಬೇರಿಂಗ್. ನಿಮ್ದು ಯಾವ್ದು?'

'ಎಲ್ಲಾ ಬರ್ತಿದೆ.'

'ಹಂಗಾದ್ರೆ ಗಾಡಿ ತನ್ನಿ. ನಿಧಾನಕ್ಕೆ ತನ್ನಿ.'

8 ವರ್ಷ ದಾಟಿದ ಗೂಡ್ಸ್ ಗಾಡಿಗೆ ವರ್ಷ ವರ್ಷ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟು, ಆಗಬೇಕು. ಆ ದಿನವೂ ಹತ್ತಿರ ಬಂದಿತ್ತು. ಹಾಗಾಗಿ ಮುಂದೆ ಹಾಕುವ ಹಾಗಿರಲಿಲ್ಲ.

ಮೇಸ್ತ್ರಿ ಚಕ್ರವನ್ನು ಚಾಸಿಗೆ ಹಿಡಿದಿಡುವ ಲೋವರ್ ಆರ್ಮ್ ಕೆಳಗೆ ಜಾಕ್ ಕೊಟ್ಟು ಚಕ್ರ ಎತ್ತಿದರು. ಎಡ-ಬಲ ಹಿಡಿದು ಅಲ್ಲಾಡಿಸಿದರು. ಆಡಿತು. ಅದು ಸ್ಟೇರಿಂಗ್ ಕಡೆಯಿಂದ ಚಕ್ರಕ್ಕೆ ಬರುವ ಸರಳಿನ ತುದಿ, ಟೈ ರಾಡ್ ಎಂಡ್. ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದರು. ಆಗಲೂ ಆಡಿತು. ಅದು ಬೇರಿಂಗೂ ಇರಬಹುದು, ಆರ್ಮನ್ನು ಚಕ್ರದ ಕಡೆಗೆ ಸೇರಿಸುವ ಬಾಲ್ ಜಾಯಿಂಟೂ ಇರಬಹುದು. ಅದನ್ನು ಹಿಡಿಯಲು ಒಂದು ಸುಲಭದ ಉಪಾಯ ಇದೆ. ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಬೇಕು. ಒತ್ತಿದಾಗ ಆ ಅಲ್ಲಾಟ ಹೋದರೆ ಬೇರಿಂಗ್. ಒತ್ತಿದರೂ ಉಳಿದರೆ ಬಾಲ್ ಜಾಯಿಂಟ್. ಆ ಒಬ್ಬರು ನಾನು. 'ಒತ್ತಿ. ಬಿಡಿ. ಒತ್ತಿ ಅಂದೆ. ಬಿಡಿ ಅಂದ್ನಾ?' ನಮ್ಮ ಪಿಕಪ್‌ನಲ್ಲಿ ಎರಡೂ ಹೋಗಿದ್ದವು. ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದು, ಒಳಗಿನ ಗ್ರೀಸ್ ಯಾವ ಕಾಲಕ್ಕೋ ಕೆಸರಾಗಿತ್ತು.

ಆರ್ಮ್ ಬಿಚ್ಚಿದಾಗ ಚಾಸಿಯ ಸಂದಿಯಿಂದ ಏನೋ ಉದುರಿತು. ಮೇಸ್ತ್ರಿ ಬಗ್ಗಿ ಎತ್ತಿಕೊಂಡು ನನ್ನ ಅಂಗೈಯಲ್ಲಿಟ್ಟರು. 'ತಗೊಳ್ಳಿ. ಇದು 20 ಎಂಎಂ ಮಲ್ಲಿಗೆ. ಇದು 40 ಎಂಎಂ ಸೇವಂತಿಗೆ.' ಅಚ್ಚುಕಟ್ಟಾದ ಜಲ್ಲಿ. ಹಿಂದಿನ ಸ್ಪ್ರಿಂಗ್‌ನ ಬ್ಲೇಡುಗಳ ಮೇಲೆ ಸಿಮೆಂಟು ಗಟ್ಟಿಯಾಗಿತ್ತು. ಕಂಪನಿ ಕೊಟ್ಟಿದ್ದಕ್ಕಿಂತ ಒಂದು ದಪ್ಪ ಬ್ಲೇಡ್ ಜಾಸ್ತಿಯೂ ಇತ್ತು. ಮಲ್ಲಿಗೆ ಹೊರಲು ಇಷ್ಟೆಲ್ಲ ಬೇಕಾಗುವುದಿಲ್ಲ.

ಸ್ಪೇರ್ ಅಂಗಡಿಯವನು 'ಒರಿಜಿನಲ್ ಬೇಕಾ, ಒರಿಜಿನಲ್ ಥರದ್ದು ಬೇಕಾ?' ಅಂತ ಕೇಳಿದ. ಪ್ರಾಮಾಣಿಕ ಮನುಷ್ಯ. ಲೋವರ್ ಆರ್ಮ್ ಅಲ್ಲಿರಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗದ ಸಾಮಾನಿಲ್ಲ. ಅಲ್ಲೇ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗನಿಗೆ ಹೇಳಿದೆ. ಅವನು ರಜೆ ಹಾಕಿ ಹೋಗಿ ಎರಡು ಆರ್ಮ್ ಕೊಂಡು ರಾತ್ರಿ ಬಸ್ಸಿಗೆ ಹಾಕಿದ. ಬೆಳಿಗ್ಗೆ ಪಾರ್ಸೆಲ್ ಬಿಚ್ಚಿದರೆ ಎರಡೂ ಎಡಗಡೆಯವು. ಫೋನ್ ಮಾಡಿದರೆ, 'ಮಾವ, ಎರಡೂ ಸೇಮ್ ಇರ್ಲಿ ಅಂತ ಆರಿಸಿ ತಂದೆ' ಅಂದ. ಒಂದು ಆರ್ಮ್ ಅದೇ ಬಸ್ಸಿನಲ್ಲಿ ವಾಪಸ್ ಹೋಯಿತು.

ಟೈ ರಾಡ್ ಎಂಡ್ ಸುಲಭಕ್ಕೆ ಬಿಡುವ ಜಾತಿಯದಲ್ಲ. ಎರಡು ಕಡೆಯಿಂದ ಎರಡು ಸುತ್ತಿಗೆಯಲ್ಲಿ ಒಟ್ಟಿಗೆ ಹೊಡೆದ ಮೇಲೆ ಟಪ್ ಅಂತ ಬಿಟ್ಟಿತು. ಹಳೇದನ್ನು ಎಷ್ಟು ಸುತ್ತು ಬಿಚ್ಚುತ್ತೇವೋ ಹೊಸದನ್ನು ಅಷ್ಟೇ ಸುತ್ತು ಹಾಕಬೇಕು. ಆಗ ಚಕ್ರ ಹೆಚ್ಚುಕಮ್ಮಿ ನೇರ ನಿಲ್ಲುತ್ತದೆ. ಮೇಸ್ತ್ರಿ ಶಿಷ್ಯನಿಗೆ 'ಎಣಿಸ್ಕೋ' ಅಂದರು. ಅವನು 'ಹನ್ನೊಂದು, ಹನ್ನೆರಡು' ಅನ್ನುತ್ತಿದ್ದ. ಅಷ್ಟರಲ್ಲಿ ಪರಿಚಯದವರೊಬ್ಬರು ಬಂದು, 'ಚಾಲಿ ಅಡಿಕೆ ರೇಟು ನಲವತ್ತು ಮುಟ್ತಂತೆ ಹೌದಾ?' ಅಂದರು. ಹುಡುಗ 'ನಲವತ್ತೊಂದು' ಅಂದ.

ಮೇಸ್ತ್ರಿ ಏನೂ ಬೈಯಲಿಲ್ಲ. ಅವನು ಬೈಸಿಕೊಂಡಿದ್ದು ಬೇರೆ ವಿಷಯಕ್ಕೆ. ಗಾಡಿ ಇನ್ನೂ ಜಾಕ್ ಮೇಲಿರುವಾಗಲೇ ಬೂಷಿನ ಬೋಲ್ಟ್ ಪೂರ್ತಿ ಬಿಗಿ ಮಾಡಲು ಹೊರಟಿದ್ದ. 'ಚಕ್ರ ನೆಲಕ್ಕೆ ಬಂದು ಭಾರ ಬಿದ್ದ ಮೇಲೆ ಬಿಗಿ ಮಾಡೋ! ಈಗ ಮಾಡಿದ್ರೆ ರಬ್ಬರು ತಿರುಚ್ಕೊಂಡೇ ಇರತ್ತೆ, ಬೇಗ ಹರಿಯತ್ತೆ.' ಇದೊಂದು ವಿಷಯ ಗೊತ್ತಿಲ್ಲದ ಗ್ಯಾರೇಜುಗಳು ಎಷ್ಟೋ ಇವೆ. ಆಮೇಲೆ ಬೂಷು ಡೂಪ್ಲಿಕೇಟು ಅಂತ ಅಂಗಡಿಯವನನ್ನು ಬೈಯುತ್ತೇವೆ.

ಅಲೈನ್‌ಮೆಂಟಿಗೆ ಪೇಟೆಗೆ ಹೊರಟಾಗ ಗಾಡಿ ನೇರ ಹೋಗುತ್ತಿತ್ತು. ಸ್ಟೇರಿಂಗ್ ಮಾತ್ರ ಮದುಮಗನ ಬಾಸಿಂಗ ಜಾರಿದ ಹಾಗೆ ಓರೆಯಾಗಿತ್ತು. ಅಲ್ಲಿಯ ಹುಡುಗ ಕಂಪ್ಯೂಟರ್ ನೋಡಿ 'ಟೋ ಔಟ್ ಇದೆ ಸಾರ್' ಅಂದ. ಅಂದರೆ ಮುಂದಿನ ಚಕ್ರಗಳ ಮೂತಿ ಹೊರಗೆ ತಿರುಗಿತ್ತು. ಸರಿ ಮಾಡಿದ. ಆಮೇಲೆ, 'ಟೈರಿನ ಒಳಗಡೆ ಕೈ ಹಾಕಿ ನೋಡಿ' ಅಂದ. ಹೊರಗಿಂದ ಹೊಸದರ ಹಾಗಿದ್ದ ಟೈರಿನ ಒಳ ಅಂಚಿನಲ್ಲಿ ತಂತಿ ಚುಚ್ಚಿತು. ಬ್ರೋಕರ್ ಯಾಕೆ ಗಾಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದ ಅಂತ ಆಗ ಗೊತ್ತಾಯಿತು.

ಎಫ್‌ಸಿ ಆಯಿತು. ಮುಂದುಗಡೆ ಈಗ ಸದ್ದಿಲ್ಲ. ಉಳಿದದ್ದು ಆ ಜಾಸ್ತಿ ಬ್ಲೇಡಿನ ವಿಷಯ. ಅದರಿಂದ ಖಾಲಿ ಗಾಡಿ ಹಿಂದುಗಡೆ ಸಿಕ್ಕಾಪಟ್ಟೆ ಕುಪ್ಪಳಿಸುತ್ತದೆ. 'ತೆಗೆಸದಿದ್ರೆ ನಾನು ಹತ್ತೋದಿಲ್ಲ' ಅಂತ ಆಯಿ. 'ಗೊಬ್ಬರ ತರೋಕೆ ಬೇಕು, ಇರ್ಲಿ' ಅಂತ ಅಪ್ಪಯ್ಯ. ಮನೆಯಲ್ಲಿ ಮಾತು ಬಿಡುವ ಮಟ್ಟಕ್ಕೆ ಬಂದ ಮೇಲೆ ಒಂದು ರಾಜಿ ಆಯಿತು. ಆಯಿ ಎಲ್ಲಿಗೇ ಹೊರಟರೂ, ಗಾಡಿ ಹದವಾಗಿ ಕೂರಲಿ ಅಂತ ಹಿಂದೆ ಗೊಬ್ಬರದ ಮೂಟೆಗಳೂ ಹೊರಡುತ್ತವೆ. ಮೊನ್ನೆ ಸಿದ್ದಾಪುರದ ಮದುವೆಗೂ ಬಂದಿದ್ದವು. ವಾಪಸ್ ಬರುವಾಗ ನೋಡಿದರೆ ಒಂದು ಮೂಟೆ ಕಮ್ಮಿ. ಮುಯ್ಯಿಗೆ ತಂದಿದ್ದು ಅಂದುಕೊಂಡು ಯಾರೋ ಇಳಿಸಿಕೊಂಡಿರಬೇಕು.