ಮೊದಲ ತಾಸು ಮತ್ತು ತಾಯಿ-ಮಗುವಿನ ನಂಟು: ಒಂದು ಸ್ಪಷ್ಟನೆ

"ಹುಟ್ಟಿದ ಒಂದು ತಾಸಿನೊಳಗೆ ತಾಯಿ ಎತ್ತಿಕೊಳ್ಳದಿದ್ದರೆ ಮಗು ಆಕೆಯನ್ನು ಹಚ್ಚಿಕೊಳ್ಳುವುದೇ ಇಲ್ಲ" ಎಂಬ ಮೆಸೇಜ್ ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಸಿಸೇರಿಯನ್ ಆದವರು, ಮಗುವನ್ನು ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ) ಇಟ್ಟವರು ಇದನ್ನು ಓದಿ ಸುಮ್ನೆ ಕೊರಗಬೇಕಾಗುತ್ತದೆ.

ನಂಟು ಬೆಳೆಯಲು ತಿಂಗಳುಗಳೇ ಬೇಕು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 60 ಶಿಶುಗಳನ್ನು ಗಮನಿಸಿ ಶಾಫರ್ ಮತ್ತು ಎಮರ್ಸನ್ 1964ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚಿನ ಮಕ್ಕಳು ಒಬ್ಬರನ್ನು ವಿಶೇಷವಾಗಿ ಹಚ್ಚಿಕೊಂಡಿದ್ದು ಸುಮಾರು 7 ತಿಂಗಳಿಗೆ. ಒಂದೂವರೆ ವರ್ಷದ ಹೊತ್ತಿಗೆ ಬಹಳಷ್ಟು ಮಕ್ಕಳಿಗೆ ಅಪ್ಪ, ಅಜ್ಜಿ ಹೀಗೆ ಇನ್ನೂ ಕೆಲವರು ಬೇಕಾಗಿದ್ದರು. ಹಾಲು ಕುಡಿಸಿದವರಿಗಿಂತ, ಅತ್ತಾಗ ಓಗೊಟ್ಟು ಆಡಿಸಿದವರನ್ನೇ ಜಾಸ್ತಿ ಹಚ್ಚಿಕೊಂಡ ಮಕ್ಕಳೂ ಇದ್ದರು.

ಮೊದಲ ತಾಸಿನಲ್ಲಿ ಎದೆಗೊರಗಿಸಿ ಎಂದು ವೈದ್ಯರು ಹೇಳುವುದು ನಿಜ. ಅದು ಮಗು ಬೆಚ್ಚಗಿರಲಿ, ಎದೆಹಾಲು ಬೇಗ ಶುರುವಾಗಲಿ ಅಂತ. ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.