ಲಾಭವೇ ಇಲ್ಲದ ಕಂಪನಿಗೆ ತೆರಿಗೆ ವಿನಾಯಿತಿ ಯಾತಕ್ಕೆ?

ಸಾರ್ವಜನಿಕ ಆರೋಗ್ಯಕ್ಕೆ ಅಪಾಯ ತರುವ ರೋಗಗಳ ಸಂಶೋಧನೆಗೆ ತೆರಿಗೆ ವಿನಾಯಿತಿ ಕೊಡಬೇಕೆಂದರೆ ಬೇಡವೆನ್ನುವವರು ವಿರಳ. ನಾನೂ ಅದರ ಪರವೇ. ಆದರೆ ಚರ್ಚೆಯೆಲ್ಲ ವಿನಾಯಿತಿಯ ಪ್ರಮಾಣ ಎಷ್ಟಿರಬೇಕು ಎಂಬಲ್ಲೇ ನಿಂತುಬಿಡುತ್ತದೆ, ಅದು ಯಾರ ಕೈ ಸೇರುತ್ತದೆ ಎಂಬಲ್ಲಿಗೆ ಬರುವುದೇ ಇಲ್ಲ.

ಅಮೆರಿಕದ ಅಕೇಯೊಜೆನ್ ಎಂಬ ಸಣ್ಣ ಕಂಪನಿ, ಹಳೆಯ ಔಷಧಗಳಿಗೆ ಬಗ್ಗದ ಮೂತ್ರನಾಳದ ಸೋಂಕುಗಳಿಗಾಗಿ ಪ್ಲಾಜೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ರೂಪಿಸಿ, 2018ರ ಜೂನ್‌ನಲ್ಲಿ ಅನುಮತಿ ಪಡೆಯಿತು. 2019ರ ಏಪ್ರಿಲ್‌ನಲ್ಲಿ ಅದು ದಿವಾಳಿ ಅರ್ಜಿ ಸಲ್ಲಿಸಿತು. ಔಷಧ ಕೆಟ್ಟದ್ದೇನೂ ಆಗಿರಲಿಲ್ಲ. ಹೊಸ ಆ್ಯಂಟಿಬಯೋಟಿಕ್ ಬಂದಾಗ ವೈದ್ಯರು ಅದನ್ನು ಕೊನೆಯ ಅಸ್ತ್ರವಾಗಿ ಎತ್ತಿಡುತ್ತಾರೆ, ಎತ್ತಿಡಲೂಬೇಕು. ಬಳಸಿದರೂ ರೋಗಿಗೆ ಅದು ಬೇಕಾಗುವುದು ಕೆಲವೇ ದಿನ. ಹೀಗೆ ಮಾರಾಟವೇ ಕಾಣದೆ ವರ್ಷಗಟ್ಟಲೆ ನಷ್ಟದಲ್ಲಿರುವ ಕಂಪನಿಗೆ ತೆರಿಗೆಯಲ್ಲಿ ಕಡಿತವೆಂದರೆ ಇಲ್ಲದ ಬಾಕಿಯನ್ನು ಮನ್ನಾ ಮಾಡಿದ ಹಾಗೆ. ಅದರ ಲಾಭ ಸಿಗುವುದು ಬೇರೆ ಔಷಧಗಳಿಂದ ಈಗಾಗಲೇ ಗಳಿಸುತ್ತಿರುವ ದೊಡ್ಡ ಕಂಪನಿಗಳಿಗೆ, ಮತ್ತು ಅವುಗಳಲ್ಲಿ ಹಲವು ಆ್ಯಂಟಿಬಯೋಟಿಕ್ ಸಂಶೋಧನೆಯನ್ನೇ ಕೈಬಿಟ್ಟಿವೆ.

ಆದ್ದರಿಂದ ಬಳಕೆಯಾಗದ ವಿನಾಯಿತಿಯನ್ನು ನಗದಾಗಿ ಮರಳಿಸಬೇಕು. ವಾರ್ಷಿಕ ವಹಿವಾಟು 2 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗಿಂತ ಕಡಿಮೆಯಿರುವ ಕಂಪನಿಗಳಿಗೆ ಆಸ್ಟ್ರೇಲಿಯಾ ಇಂಥ ಸೌಲಭ್ಯ ಕೊಟ್ಟಿದೆ. ಇದು ಕಾರ್ಯಸಾಧ್ಯವಲ್ಲ ಎನ್ನುವಂತಿಲ್ಲ.

ಇನ್ನು ಯಾವ ರೋಗಕ್ಕೆ ವಿನಾಯಿತಿ ಎಂಬ ವ್ಯಾಖ್ಯೆ. ಅಮೆರಿಕದ 1983ರ ಅಪರೂಪದ ರೋಗಗಳ ಔಷಧ ಕಾಯ್ದೆ ಕ್ಲಿನಿಕಲ್ ಪ್ರಯೋಗದ ವೆಚ್ಚದ ಅರ್ಧದಷ್ಟನ್ನು ತೆರಿಗೆಯಲ್ಲಿ ಕಳೆಯಲು ಅವಕಾಶ ಕೊಟ್ಟಿತ್ತು (2018ರಿಂದ ಅದು ಶೇ. 25ಕ್ಕೆ ಇಳಿದಿದೆ). ದೇಶದಲ್ಲಿ ರೋಗಿಗಳು 2 ಲಕ್ಷಕ್ಕಿಂತ ಕಡಿಮೆಯಿದ್ದರೆ ಅದು ಅಪರೂಪದ ರೋಗ. 2020ರ ಮಾರ್ಚ್‌ನಲ್ಲಿ ಕೋವಿಡ್ ಜಗತ್ತಿನಾದ್ಯಂತ ಹರಡುತ್ತಿದ್ದಾಗಲೇ, ಅಮೆರಿಕದ ಪ್ರಕರಣಗಳು ಆ ಗೆರೆ ದಾಟಿರಲಿಲ್ಲವಾದ್ದರಿಂದ, ಕೋವಿಡ್‌ಗೆ ಪರೀಕ್ಷಿಸುತ್ತಿದ್ದ ರೆಮ್‌ಡೆಸಿವಿರ್ ಔಷಧಕ್ಕೆ ಅಪರೂಪದ ರೋಗದ ಔಷಧವೆಂಬ ಇದೇ ಮಾನ್ಯತೆ ದೊರೆಯಿತು. ಟೀಕೆ ಜೋರಾದಾಗ ಅದರ ತಯಾರಕ ಗಿಲಿಯಾಡ್ ಕಂಪನಿ ತಾನೇ ಅದನ್ನು ಬಿಟ್ಟುಕೊಟ್ಟಿತು. ಕಂಪನಿಯನ್ನು ಬೈದು ಫಲವಿಲ್ಲ, ಕಾನೂನಿನ ಅಕ್ಷರದಲ್ಲಿ ತಪ್ಪಿರಲಿಲ್ಲ. ರೋಗಿಗಳ ತಲೆ ಎಣಿಸುವ ಬದಲು, ಹೊಸ ಔಷಧ ತುರ್ತಾಗಿ ಬೇಕಿರುವ ರೋಗಾಣುಗಳನ್ನು ಹೆಸರಿಸುವ ವಿಶ್ವ ಆರೋಗ್ಯ ಸಂಸ್ಥೆಯ ಆದ್ಯತಾ ಪಟ್ಟಿಯಂಥದ್ದನ್ನು ವಿನಾಯಿತಿಗೆ ಆಧಾರವಾಗಿಸಿದರೆ ಈ ಎಡವಟ್ಟು ತಪ್ಪುತ್ತದೆ.

ಇಷ್ಟು ಮಾಡಿದರೂ ಅಕೇಯೊಜೆನ್ ಉಳಿಯುತ್ತಿತ್ತೆಂದು ನಾನು ಹೇಳಲಾರೆ, ಏಕೆಂದರೆ ಅದು ಮುಳುಗಿದ್ದು ಅನುಮತಿ ಸಿಕ್ಕ ಮೇಲೆ. ಸಂಶೋಧನೆಯ ವೆಚ್ಚ ತಗ್ಗಿಸುವ ತೆರಿಗೆ ನೀತಿ ಮಾರುಕಟ್ಟೆಯನ್ನು ಸೃಷ್ಟಿಸಲಾರದು. ಆ ಕೆಲಸಕ್ಕೆ ಇಂಗ್ಲೆಂಡ್ 2022ರಲ್ಲಿ ಬೇರೆ ದಾರಿ ಹಿಡಿಯಿತು: ಎರಡು ಆ್ಯಂಟಿಬಯೋಟಿಕ್‌ಗಳಿಗೆ, ಎಷ್ಟು ಬಳಕೆಯಾದರೂ ಆಗದಿದ್ದರೂ, ವರ್ಷಕ್ಕೆ ತಲಾ 1 ಕೋಟಿ ಪೌಂಡ್‌ವರೆಗೆ ನಿಗದಿತ ಶುಲ್ಕ ಪಾವತಿಸುವ ಒಪ್ಪಂದ ಮಾಡಿಕೊಂಡಿತು.